ಬೆನ್ನು ತೊಳೆಯಲು ಬಂದವರು

ತಾಯಿಯ ಬೆನ್ನಲ್ಲಿ ಹುಣ್ಣಾಗಿದೆ ಎಂಬುದು ನನಗೆ ತಿಳಿದದ್ದು ವಾಸನೆಯಿಂದ. ತ್ರಾಸಿಯ ನಮ್ಮ ಮನೆಯಲ್ಲಿ ಮೀನಿನ ವಾಸನೆ ಯಾವಾಗಲೂ ಇರುತ್ತದೆ. ಇದು ಅದಲ್ಲ. ಪಾರ್ಶ್ವವಾಯು ಬಡಿದು ಅವಳು ಹಾಸಿಗೆ ಹಿಡಿದು ಕೆಲವು ತಿಂಗಳಾಗಿತ್ತು. ನಾನು ಬ್ರಹ್ಮಾವರದ ಗಂಡನ ಮನೆಯಿಂದ ಬಂದು ಜೊತೆಗಿದ್ದೆ. ಕುಂದಾಪುರದ ಡಾಕ್ಟರು, ಹುಣ್ಣನ್ನು ದಿನ ಬಿಟ್ಟು ದಿನ ತೊಳೆದು ಕಟ್ಟಬೇಕು, ಇಲ್ಲವಾದರೆ ನಂಜು ರಕ್ತಕ್ಕೆ ಸೇರುತ್ತದೆ, ಆಮೇಲೆ ಮಾಡುವಂಥದ್ದೇನೂ ಇರುವುದಿಲ್ಲ ಎಂದರು.

ನಾನೇ ತೊಳೆಯಲು ಹೋದೆ. ಹತ್ತಿ ಎತ್ತಿದಾಗ ಒಳಗೆ ಬೆಳ್ಳಗೆ ಏನೋ ಕಂಡಿತು. ಹತ್ತಿ ಜೋರಾಗಿ ಒತ್ತಿ ಅವಳಿಗೆ ನೋವಾಯಿತು. ಅಲ್ಲಿಂದ ಮುಂದೆ ನನ್ನನ್ನು ಬೆನ್ನಿನ ಹತ್ತಿರ ಬಿಡಲಿಲ್ಲ.

"ನೀನ್ ಮರ್ಕುದ್ ಕಾಂಬುಕೆ ನಂಗ್ ಆತಿಲ್ಲ" ಎಂದಳು. ಅಳುತ್ತಿದ್ದೇನೆ ಎಂದು ನನಗೆ ಗೊತ್ತಾದದ್ದೇ ಆಗ.

ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಸಂಬಳವಿಲ್ಲದೆ ಆರೈಕೆ ಮಾಡುವವರಿದ್ದಾರೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ನಾನು ಫೋನು ಮಾಡಿದೆ. ಇಬ್ಬರು ಹೆಂಗಸರು ಬಂದರು. ಹಿರಿಯರು ಕೋಟೇಶ್ವರದ ಕಡೆಯ ಗದ್ದೆ ಮನೆಯವರು, ಮಕ್ಕಳದು ಹೋಟೆಲು. ಕಿರಿಯವಳು ಹೊಲಿಗೆ ಕೆಲಸದವಳು. ತಾವು ಬಂದ ವ್ಯಾನನ್ನು ಮನೆಯ ಮುಂದೆ ತರಲಿಲ್ಲ. ಅಕ್ಕಪಕ್ಕದವರು ಬಂದು ಇಣುಕುತ್ತಾರೆಂದು ಹೆದ್ದಾರಿಯ ಬದಿಯಲ್ಲೇ ನಿಲ್ಲಿಸಿ ಬಿಸಿಲಲ್ಲಿ ನಡೆದು ಬಂದರು. ಬಾಗಿಲು ತೆರೆದಿದ್ದರೂ ಹೊಸ್ತಿಲಾಚೆ ನಿಂತು ತಾಯಿಯನ್ನೇ ಕೇಳಿದರು: "ಅಮ್ಮ, ಒಳಗ್ ಬಪ್ಪುದಾ?"

"ಬನ್ನಿ" ಎಂದಳು ಅವಳು. ನನಗೆ ಕಣ್ಣಲ್ಲೇ ಸನ್ನೆ ಮಾಡಿದಳು.

ಮನೆಗೆ ಯಾರೇ ಬಂದರೂ ನಾವು ಮೊದಲು ಕೊಡುವುದು ಬೆಲ್ಲ, ನೀರು. ತಂದು ಮುಂದಿಟ್ಟೆ. ಹಿರಿಯರು ಕೈ ಮುಗಿದರು. "ಬ್ಯಾಡ ಮಾರಾಯ್ತಿ. ಹೋದಲ್ಲಿ ನಾವ್ ಎಂತದೂ ತಕಂಬುದಿಲ್ಲ."

ಆ ಕಟ್ಟುಪಾಡಿಗೆ ಕಾರಣವಿದೆ ಎಂದು ಆಮೇಲೆ ತಿಳಿಯಿತು. ಏನೂ ಇಲ್ಲದ ಮನೆಯವರು ಇವರು ಬಂದರೆಂದು ಅಂಗಡಿಗೆ ಓಡುತ್ತಿದ್ದರಂತೆ. ಹಾಗಾಗಬಾರದೆಂದು ಮಾಡಿಕೊಂಡದ್ದು.

ತಾಯಿ ಕಣ್ಣು ಮುಚ್ಚಿದಳು.

"ಹೊರಳ್ಸುದಾ ಅಮ್ಮ?" ಎಂದರು ಹಿರಿಯರು.

"ಬ್ಯಾಡ."

"ನೋವ್ ಆಗ್ದಂಗೆ ಮಾಡ್ತೆ."

"ಬ್ಯಾಡ ಅಂದೆ."

ಹಿಡಿದುಕೊಳ್ಳೋಣ, ತೊಳೆದುಬಿಡಿ ಎಂದು ನಾನು ಕೈಸನ್ನೆ ಮಾಡಿದೆ. ಹಿರಿಯರು ಬೇಡವೆಂದು ತಲೆಯಾಡಿಸಿದರು. ಔಷಧದ ಚೀಲವನ್ನು ಮತ್ತೆ ಕಟ್ಟಿ ಎದ್ದರು. ಅಂಗಳದಲ್ಲಿ ನನಗೆ ಹೇಳಿದರು: "ಅವ್ರ್ ಮೈ ಅದ್. ಅವ್ರ್ ಹೇಳ್ದೆ ಮುಟ್ಟುಕಾಗ."

ನನಗೆ ಸಿಟ್ಟು ಬಂತು. ಸಂಜೆ ತಾಯಿಯ ಹಣೆ ಮುಟ್ಟಿದರೆ ಬಿಸಿ. ಜ್ವರ ಶುರುವಾಗಿತ್ತು.

ಗಂಜಿ ಕುಡಿಸುವಾಗ ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ಅವಳು ಕೋಟೇಶ್ವರದ ಆಚೀಚೆ ಬುಟ್ಟಿ ಹೊತ್ತು ಬಂಗಡೆ ಮೀನು ಮಾರಿದವಳು. ಗದ್ದೆ ಮನೆಗಳ ಅಂಗಳದಲ್ಲಿ ನೀರು ಕೇಳಿದರೆ ಕೊಡುತ್ತಿದ್ದರು, ಇವಳ ಬೊಗಸೆಗೆ ಮೇಲಿನಿಂದ ಹೊಯ್ಯುತ್ತಿದ್ದರು. ಅವರಲ್ಲಿ ಯಾರೂ ನಮ್ಮ ಮನೆಗೆ ಬಂದು ನೀರು ಕುಡಿದದ್ದಿಲ್ಲ. ಇದನ್ನೆಲ್ಲ ಸಿಟ್ಟಿಲ್ಲದೆ ಹೇಳಿದಳು. ಕೊನೆಗೆ, "ನನ್ ಮನಿ ಬೆಲ್ಲ ಆತಿಲ್ಲ, ನನ್ ಕೀವ್ ಆತ್ತಾ?" ಎಂದಳು.

ಆ ಮಾತನ್ನು ಹಾಗೆಯೇ ಫೋನಿನಲ್ಲಿ ಹಿರಿಯರಿಗೆ ಹೇಳಿದೆ. "ನಾಳೆ ಬತ್ತೆ" ಎಂದರು.

ಮಾರನೆಯ ಬೆಳಿಗ್ಗೆ ಇಬ್ಬರೂ ಬಂದರು. ಹಿರಿಯರು ಚೀಲ ಬಿಚ್ಚದೆ ಮಂಚದ ಅಂಚಿನಲ್ಲಿ ಕೂತರು.

"ಹ್ವಾಯ್, ಬೆಲ್ಲ ಇತ್ತಾ? ನಡ್ದ್ ಬಂದ್ ಗಂಟ್ಲ್ ಒಣ್ಗಿತ್."

ತಾಯಿ ಕಣ್ಣು ತೆರೆದಳು. "ನಿಮ್ ಕಾನೂನ್ ಎಂತಾಯ್ತ್?"

"ಅದನ್ನ ಮನಿಯಗೇ ಬಿಟ್ಟಿಕ್ ಬಂದೆ."

ನಾನು ತಂದಿಟ್ಟೆ. ಹಿರಿಯರು ಒಂದು ತುಂಡು ಕೈಗೆತ್ತಿಕೊಂಡರು. ತಾಯಿ ಆ ಕೈಯನ್ನೇ ನೋಡುತ್ತಿದ್ದಳು.

"ಸಕ್ರಿ ಕಾಯ್ಲಿ ಇಲ್ಯಾ ನಿಮ್ಗೆ? ದೊಡ್ ಮನಿಯರಿಗೆಲ್ಲ ಇರತ್ತ್."

"ಇತ್ತ್."

"ಮತ್ತೆ ಅಷ್ಟ್ ದೊಡ್ ತುಂಡ್ ಎಂತಕ್ಕೆ? ಇಡಿ ಅದನ್ನ. ಸಾಯುಕೆ ನನ್ ಮನಿಯೇ ಬೇಕಾ ನಿಮ್ಗೆ?"

ಕಿರಿಯವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಹಿರಿಯರು ತುಂಡಿನ ಮೂಲೆಯನ್ನಷ್ಟೇ ಮುರಿದು ಬಾಯಿಗೆ ಹಾಕಿದರು. ಲೋಟವನ್ನು ಎತ್ತಿ ಹೊಯ್ದುಕೊಳ್ಳಲಿಲ್ಲ, ತುಟಿಗಿಟ್ಟು ಕಚ್ಚಿ ಕುಡಿದರು, ಪೂರ್ತಿ.

"ಇನ್ ಹೊರಳ್ಸಿ" ಎಂದಳು ತಾಯಿ.

ಬೋಗುಣಿ ಹಿಡಿದು ನಾನು ಪಕ್ಕದಲ್ಲಿ ನಿಂತೆ. ಒಳಗೆ ನಾವಲ್ಲದೆ ಬೇರೆ ಯಾರೂ ಇರಲಿಲ್ಲ. ಆದರೂ ಕಿರಿಯವಳು ಹುಣ್ಣಿರುವಷ್ಟು ಜಾಗ ಬಿಟ್ಟು ಉಳಿದ ಮೈಗೆಲ್ಲ ಬಟ್ಟೆ ಮುಚ್ಚಿ ಹಿಡಿದಿದ್ದಳು. ಹಿರಿಯರು ಪ್ರತಿಯೊಂದಕ್ಕೂ ಕೇಳುತ್ತಿದ್ದರು. ಸೀರೆ ಸರ್ಸುದಾ? ನೀರ್ ಹಾಕುದಾ? ಹತ್ತಿ ತೆಗುದಾ? ತಾಯಿ ಗೋಡೆಯ ಕಡೆ ಮುಖ ಮಾಡಿ, ಹ್ಞೂಂ ಎನ್ನುತ್ತಿದ್ದಳು. ಒಮ್ಮೆ ಮಾತ್ರ ಅವಳ ಉಸಿರು ಕಟ್ಟಿದಂತಾಯಿತು. ಹಿರಿಯರ ಕೈ ಅಲ್ಲೇ ನಿಂತಿತು. ಅವಳು ಹ್ಞೂಂ ಎನ್ನುವವರೆಗೆ ಅಲುಗಲಿಲ್ಲ.

"ನಿಮ್ ಮನಿಯಗ್ ಬಂಗ್ಡೆ ತೊಳುದೂ ಹೀಂಗೇಯಾ?" ಗೋಡೆಯ ಕಡೆಯಿಂದ ತಾಯಿಯ ಪ್ರಶ್ನೆ ಬಂತು.

"ಬಂಗ್ಡೆ ಇಷ್ಟ್ ಮಾತಾಡುದಿಲ್ಲ ಅಮ್ಮ."

ಜ್ವರ ಇಳಿಯಲು ಕೆಲವು ದಿನ ಹಿಡಿಯಿತು. ಹುಣ್ಣು ಇನ್ನೂ ಪೂರ್ತಿ ಮುಚ್ಚಿಲ್ಲ. ಅಂಚಿನಲ್ಲಿ ಕೆಂಪಗೆ ಹೊಸ ಮಾಂಸ ಬರುತ್ತಿದೆ, ಅದು ಒಳ್ಳೆಯದು ಎನ್ನುತ್ತಾರೆ ಹಿರಿಯರು. ಅವರಿಬ್ಬರೂ ದಿನ ಬಿಟ್ಟು ದಿನ ಬರುತ್ತಾರೆ. ಬರುವ ಹೊತ್ತಿಗೆ ತಾಯಿ ನನ್ನಿಂದ ಬೆಲ್ಲ ಒಡೆಸುತ್ತಾಳೆ. ಕಿರಿಯವಳಿಗೆ ಸರಿಯಾದ ತುಂಡು, ಹಿರಿಯರಿಗೆ ಉಗುರಿನಷ್ಟು. ತಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು ತೋರಿಸಬೇಕು. ದೊಡ್ಡದಾಯಿತು ಎನಿಸಿದರೆ ಇನ್ನೊಮ್ಮೆ ಒಡೆಸುತ್ತಾಳೆ.