ಪುಸ್ತಕದೊಳಗಿನ ಹುಲ್ಲುಕಡ್ಡಿ

“ಮೂರ್ನೇ ಭಾಗ ಈವೊತ್ತಾದ್ರೂ ಎದ್ದು ಬತ್ತದಾ, ಇಲ್ಲ ಅಲ್ಲೇ ಕುಂತಿರ್ತದಾ?”

ಹಳ್ಳಿಗಳಿಗೆ ಪುಸ್ತಕ ಹೊರುವ ಹುಚ್ಚೀರಯ್ಯನವರು ಕೇಳಿದ್ದು ಯಾರನ್ನೂ ಅಲ್ಲ. ಮಳವಳ್ಳಿಯ ವಾಚನಾಲಯದ ಹಿಂದಿನ ಜಗಲಿಯಲ್ಲಿ ಈ ಹೊತ್ತಿಗೆ ಇರುವುದು ಎರಡು ಬಿದಿರು ಕುಕ್ಕೆ, ಅವನ್ನು ಹೆಗಲಿಗೆ ತೂಗುಹಾಕುವ ಒಂದು ಅಡ್ಡೆಕೋಲು, ಒಂದು ಹಿಡಿ ರಾಗಿ ಹುಲ್ಲು. ಮೂಡಲು ಇನ್ನೂ ಬೂದಿ ಬಣ್ಣದಲ್ಲಿದೆ. ಹುಚ್ಚೀರಯ್ಯನವರು ಕೈಕಾಲು ತೊಳೆದು, ಹೆಗಲ ಮೇಲಿನ ಟವೆಲಿನಿಂದ ಕೈಯನ್ನು ಎರಡು ಸಲ ಒರೆಸಿಕೊಂಡು, ಆಮೇಲಷ್ಟೇ ಪುಸ್ತಕ ಮುಟ್ಟುತ್ತಾರೆ. ಒಂದೊಂದನ್ನೂ ಕಣ್ಣಿಗೊತ್ತಿ ಬಲಗಡೆಯ ಕುಕ್ಕೆಯಲ್ಲಿ ಜೋಡಿಸುತ್ತಾರೆ. ಎಡಗಡೆಯದು ಖಾಲಿ, ಅದು ಹಳ್ಳಿಗಳಿಂದ ಮರಳುವ ಪುಸ್ತಕಗಳಿಗೆ. ಹೋಗುವಾಗ ತೂಕ ಸರಿಯಾಗಲೆಂದು ಅದರಲ್ಲೊಂದು ಗುಂಡುಕಲ್ಲು ಕೂತಿರುತ್ತದೆ. ಒಂದೊಂದು ಪುಸ್ತಕ ಹಿಂತಿರುಗಿದಾಗಲೂ ಅವರು ಆ ಕಲ್ಲನ್ನು ನೋಡಿ, “ಇನ್ನು ಸ್ವಲ್ಪ ತಡ್ಕೊ, ನಿನ್ನ ಇಳಿಸ್ತೀನಿ” ಅನ್ನುತ್ತಾರೆ.

ಹೊರುವುದು ನಲವತ್ತಾರು ಪುಸ್ತಕ. ಊರು ಐದು, ಕೊನೆಯದು ಪೂರಿಗಾಲಿ. ಶನಿವಾರ ಹೊರಟರೆ ಭಾನುವಾರ ಸಂಜೆಗೆ ವಾಪಸ್ಸು, ಹದಿನೈದು ದಿನಕ್ಕೊಮ್ಮೆ. ಯುದ್ಧ ಶುರುವಾದ ಮೇಲೆ ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲು ಸುಟ್ಟುಕೊಂಡು ಕೆಮ್ಮುತ್ತ ಓಡುತ್ತಿವೆ; ಅವಕ್ಕೆ ಜನರನ್ನು ಹೊರುವುದೇ ಹೆಚ್ಚು. ಆದ್ದರಿಂದ ಹುಚ್ಚೀರಯ್ಯನವರ ಪುಸ್ತಕಗಳು ಕಾಲ್ನಡಿಗೆಯಲ್ಲೇ ಹೋಗುತ್ತವೆ. ಅಡ್ಡೆ ಕೂರುವ ಜಾಗದಲ್ಲಿ ಅವರ ಬಲ ಹೆಗಲು ಎತ್ತಿನ ಹೆಗಲಿನಂತೆ ಜಡ್ಡುಗಟ್ಟಿದೆ. ಹೋದ ವರ್ಷ ಹಳ್ಳ ದಾಟುವಾಗ ಕಾಲು ಜಾರಿ ಬಿದ್ದು ಮೊಣಕಾಲು ಒಡೆದುಕೊಂಡರು. ನಾಲ್ಕು ಪುಸ್ತಕ ನೆನೆದವು. ಎರಡು ದಿನ ಆಲದ ಮರದ ಬೇರುಗಳ ಮೇಲೆ ಅವನ್ನು ಬಿಚ್ಚಿಟ್ಟು, ಒಂದೊಂದು ಹಾಳೆಯನ್ನೂ ಕೈಯಾರೆ ಮಗುಚಿ ಒಣಗಿಸಿದರು. “ಮೊಣಕಾಲು ತಾನಾಗೇ ಒಣಗ್ಕತ್ತು,” ಅನ್ನುತ್ತಾರೆ.

ಅವರು ಅಕ್ಷರ ಕಲಿತ ಬಗೆ ಬೇರೆಯದು. ಶ್ರಾವಣದ ಮಧ್ಯಾಹ್ನಗಳಲ್ಲಿ ಊರ ಚಾವಡಿಯಲ್ಲಿ ಕಾವ್ಯ ಓದಿಸುತ್ತಿದ್ದರು. ಹುಚ್ಚೀರಯ್ಯನವರ ಕೇರಿಯವರು ಚಾವಡಿ ಹತ್ತುವಂತಿರಲಿಲ್ಲ. ಆಚೆ ಹುಣಸೆಮರದ ಕೆಳಗೆ ಕೂತು ಕೇಳಬೇಕಿತ್ತು. ಗಾಳಿ ಇತ್ತ ಬೀಸಿದರೆ ಪದ್ಯ ಪೂರಾ, ಅತ್ತ ಬೀಸಿದರೆ ಅರ್ಧ. ಹತ್ತು ಶ್ರಾವಣ ಕಳೆಯುವಷ್ಟರಲ್ಲಿ ಆ ಅರ್ಧಗಳೆಲ್ಲ ಕೂಡಿಕೊಂಡು, ಇಡೀ ಕಾವ್ಯ ಅವರ ಬಾಯಲ್ಲಿ ನಿಂತಿತ್ತು. ಮುಂದೆ ವಾಚನಾಲಯದಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದಾಗ ಅದೇ ಕಾವ್ಯದ ಅಚ್ಚಿನ ಪ್ರತಿ ಕೈಗೆ ಸಿಕ್ಕಿತು. ಬಾಯಲ್ಲಿದ್ದ ಪದ್ಯವನ್ನು ಹೇಳಿಕೊಳ್ಳುತ್ತ ಅಚ್ಚಿನ ಮೇಲೆ ಬೆರಳು ನಡೆಸಿದರು. ಯಾವ ದನಿಗೆ ಯಾವ ಅಕ್ಷರ ಎಂಬುದು ಒಂದೊಂದಾಗಿ ಗೊತ್ತಾಯಿತು. “ನಂಗೆ ಯಾರೂ ಕಲಿಸ್ನಿಲ್ಲ. ಕಿವೀನೇ ಕಣ್ಣಿಗೆ ಯೋಳ್ಕೊಡ್ತು,” ಎನ್ನುವಾಗ ಅವರ ದನಿಯಲ್ಲಿ ಜಂಬವಿಲ್ಲ, ಆಶ್ಚರ್ಯವಿದೆ.

ಈಗ ಅವರು ಓದುತ್ತಿರುವುದು ದನಕರುಗಳ ರೋಗದ ಪುಸ್ತಕ. ಮನೆಯಲ್ಲಿ ದನವಿಲ್ಲ. “ಅದ್ಕೇ ನೆಮ್ದಿಯಾಗಿ ಓದಬೌದು,” ಅನ್ನುತ್ತಾರೆ. ಓದಬೇಕೆಂದು ಎತ್ತಿಟ್ಟುಕೊಂಡ ಏಳು ಪುಸ್ತಕ ಅವರ ಮನೆಯ ಅಟ್ಟದಲ್ಲಿ ಕಾಯುತ್ತಿವೆ. ಸೀಮೆಎಣ್ಣೆ ರೇಷನ್ ಚೀಟಿಗೆ ಬಿದ್ದ ಮೇಲೆ ಕತ್ತಲಾದರೆ ಓದಿಲ್ಲ. ಹಗಲೆಲ್ಲ ಹೆಗಲು ಪುಸ್ತಕದ ಪಾಲು.

ಇನ್ನು ರಾಗಿ ಹುಲ್ಲಿನ ವಿಷಯ. ಪುಸ್ತಕ ಕೊಡುವಾಗ ಹುಚ್ಚೀರಯ್ಯನವರು ಮೊದಲ ಅಧ್ಯಾಯ ಮುಗಿಯುವಲ್ಲಿ ಒಂದು ಕಡ್ಡಿ ಇಟ್ಟು ಕೊಡುತ್ತಾರೆ. ಓದಿದವರು ಓದಿದಷ್ಟಕ್ಕೆ ಕಡ್ಡಿ ಸರಿಸುತ್ತ ಹೋಗಬೇಕು. ತಾರೀಖಿನ ಚೀಟಿ ವಾಚನಾಲಯದ್ದು, ಕಡ್ಡಿ ಇವರದ್ದು. ಮತ್ತೆ ಬಂದಾಗ ಕಡ್ಡಿ ಇಟ್ಟಲ್ಲೇ ಇದ್ದರೆ ಆ ಪುಸ್ತಕ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತೆಂದು ಅರ್ಥ. ಬೈಯುವುದಿಲ್ಲ. “ಇದಕ್ಕೆ ಕಾಯ್ತಿರೋರು ಇನ್ನೊಬ್ರವ್ರೆ” ಎಂದು ಎತ್ತಿ ಎಡಗಡೆ ಕುಕ್ಕೆಗೆ ಹಾಕಿಕೊಳ್ಳುತ್ತಾರೆ. ಒಬ್ಬರು ಜಾಣತನದಿಂದ ಪತ್ತೇದಾರಿ ಕಾದಂಬರಿಯೊಂದರ ಕಡ್ಡಿಯನ್ನು ಕೊನೆಯ ಪುಟಕ್ಕೆ ಸರಿಸಿಟ್ಟಿದ್ದರಂತೆ. ಹುಚ್ಚೀರಯ್ಯ, “ಸರಿ, ಕೊಲೆ ಮಾಡ್ದೋನು ಯಾರು?” ಎಂದಷ್ಟೇ ಕೇಳಿದರು. ಆ ಮನುಷ್ಯ ಬೇಸ್ತುಬಿದ್ದು ಅಡುಗೆಮನೆಗೆ ಎದ್ದು ಹೋದರು.

ಮೊದಲ ಊರಿನಲ್ಲಿ ಗಾಣದ ರಾಮಲಿಂಗಯ್ಯ ಕಾಯುತ್ತಿದ್ದಾರೆ. ಎತ್ತು ಸುತ್ತುತ್ತದೆ, ಗಾಣದ ಮರದ ಮೇಲೆ ಕೂತ ರಾಮಲಿಂಗಯ್ಯನೂ ಸುತ್ತುತ್ತಾರೆ, ಅವರ ಕೈಯಲ್ಲಿ ಪತ್ತೇದಾರಿ ಕಾದಂಬರಿಯೂ ಸುತ್ತುತ್ತದೆ.

“ಏನ್ ರಾಮ್ಲಿಂಗಣ್ಣ, ಎಲ್ಲಿಗೆ ಬಂತು?”

“ಥೂ, ಮಾತಾಡಿಸ್ಬ್ಯಾಡ ಕಣಯ್ಯ! ಬಾಗ್ಲು ತೆಗೀತಾವ್ನೆ, ಒಳಗೆ ಎಣ ಅದೆ!”

ಎತ್ತು ನಿಂತಿದೆ. ಪುಸ್ತಕದಲ್ಲಿ ಹೆಣ ಬಿದ್ದಾಗಲೆಲ್ಲ ರಾಮಲಿಂಗಯ್ಯ ಎತ್ತಿಗೆ ಹೇಳುವ ‘ಹೈ ಹೈ’ ನಿಂತುಹೋಗುತ್ತದೆ. ಎತ್ತಿಗೂ ಅದು ಗೊತ್ತಾಗಿದೆ. “ಈ ಸಲ ಕೊಲೆ ಕಮ್ಮಿ ಇರೋದು ಕೊಡ್ತೀನಿ. ಊರ್ಗೆ ಎಣ್ಣೆ ಸಿಗ್ಲಿ,” ಎಂದು ಹುಚ್ಚೀರಯ್ಯ ಬೇರೊಂದನ್ನು ಕೊಟ್ಟು ಮುಂದೆ ನಡೆಯುತ್ತಾರೆ.

ನಗು ಬಹಳ ದೂರ ಜೊತೆಗೆ ಬರುವುದಿಲ್ಲ. ಅವರ ಮನಸ್ಸು ಬೆಳಗ್ಗೆಯಿಂದ ಮೂರನೇ ಭಾಗದಲ್ಲೇ ಇದೆ.

ಹನಕೆರೆ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದವರೊಬ್ಬರು ವರ್ಗವಾಗಿ ಹೋಗುವಾಗ ವಾಚನಾಲಯಕ್ಕೆ ಕೊಟ್ಟ ಕಾದಂಬರಿ ಅದು, ಮೂರು ಭಾಗದ್ದು. ಎಳೆಮಗುವನ್ನು ಅತ್ತೆಮನೆಯಲ್ಲಿ ಬಿಟ್ಟು ಊರು ಬಿಡಬೇಕಾಗಿ ಬಂದ ಒಬ್ಬ ಹೆಣ್ಣುಮಗಳ ಕತೆ. ಪೂರಿಗಾಲಿಯ ದೇವಿರಮ್ಮ ಮೊದಲೆರಡು ಭಾಗ ಓದಿ ಮುಗಿಸಿದ್ದಾರೆ. ಅವರ ಗಂಡ ಕೂಲಿಮಠ ನಡೆಸುತ್ತಿದ್ದ ಅಯ್ಯನವರು. ಅವರು ಜಗಲಿಯಲ್ಲಿ ಹುಡುಗರಿಗೆ ಹೇಳಿಕೊಡುತ್ತಿದ್ದದ್ದನ್ನು ಗೋಡೆಯ ಒಳಬದಿಯಲ್ಲಿ ಬೀಸುತ್ತ ಕೇಳಿ ಕಲಿತ ಹೆಂಗಸು ಈಕೆ. ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಓದು ಬಲ್ಲವರು ಅವರೊಬ್ಬರೇ. ಈಗ ಕಣ್ಣಿಗೆ ಪೊರೆ ಬರುತ್ತಿದೆ. “ಕಣ್ಣು ಮುಚ್ಚೋದ್ರೊಳಗೆ ಮೂರ್ನೇದು ತಂದುಕೊಡಪ್ಪ” ಎಂದು ಹೋದ ದೀಪಾವಳಿಯಿಂದ ಕೇಳುತ್ತಿದ್ದಾರೆ. ಈಗ ಆಷಾಢ.

ಮೂರನೇ ಭಾಗ ಇರುವುದು ಪೂರಿಗಾಲಿಗೆ ಎರಡು ಮೈಲಿ ಈಚೆಯ ಊರಿನ ಹೊನ್ನಯ್ಯಗೌಡರ ಮನೆಯಲ್ಲಿ. ಮಾರ್ನಮಿಗೆ ಪುಸ್ತಕ ಪೂಜೆ ಮಾಡಬೇಕೆಂದು ಶಾಲೆಯ ಮೇಷ್ಟ್ರು ಹೇಳಿದ್ದನ್ನು ಕೇಳಿ, ಮನೆಯಲ್ಲಿ ಪುಸ್ತಕವೇ ಇಲ್ಲದ ಗೌಡರು ಹುಚ್ಚೀರಯ್ಯನವರ ಕುಕ್ಕೆಯಿಂದ ಚೆನ್ನಾಗಿ ದಪ್ಪವಿದ್ದವನ್ನು ಆರಿಸಿ ಐದು ತೆಗೆದುಕೊಂಡರು. ಅರಿಸಿನ ಕುಂಕುಮ ಇಟ್ಟು ದೇವರ ಗೂಡಿನಲ್ಲಿ ಕೂರಿಸಿದರು. ಹಬ್ಬ ಕಳೆಯಿತು, ಪುಸ್ತಕ ಏಳಲಿಲ್ಲ. ದೇವರಿಗೆ ಇಟ್ಟದ್ದು ದೇವರ ಪಾಲು ಎಂದು ಅವರ ಲೆಕ್ಕ. ಹುಚ್ಚೀರಯ್ಯ ಮೂರು ಸಲ ಕೇಳಿದ್ದಾರೆ, ಮೂರು ಸಲವೂ ಬರಿಗೈ. ದೈವಭಕ್ತರಾದ ತಮಗೂ ಹೆಚ್ಚು ಒತ್ತಾಯಿಸಲು ಅಳುಕು.

ಆದರೆ ಇವತ್ತು ದಾರಿಯ ಹೊಲದಲ್ಲಿ ಯಾರೋ ಆರು ಕಟ್ಟಿ ಉಳುತ್ತಿದ್ದರು. ಹುಚ್ಚೀರಯ್ಯ ಅಡ್ಡೆ ಇಳಿಸಿ, ನೇಗಿಲು ಮಣ್ಣು ಸೀಳುವುದನ್ನು ಬಹಳ ಹೊತ್ತು ನೋಡುತ್ತ ನಿಂತರು.

ಗೌಡರ ಅಂಗಳ. ಜಗಲಿಯ ಮೇಲೆ ಗೌಡರು, ಕೆಳಗೆ ಹುಚ್ಚೀರಯ್ಯ. ಅವರು ಹೊತ್ತು ತಂದ ಪುಸ್ತಕ ಹೋಗಿ ಕೂತ ಜಾಗಕ್ಕೆ ಅವರು ಹೋಗುವಂತಿಲ್ಲ.

“ಬಂದ್ಯೇನ್ಲಾ ಉಚ್ಚೀರ. ಮತ್ತೆ ಅದ್ನೇ ಕೇಳಾಕಾ?”

“ಅದ್ನೇ ಬುದ್ದಿ.”

“ದೇವ್ರಿಗೆ ಮಡಗಿದ್ದ ಎತ್ಕೊಡು ಅಂತೀಯಲ್ಲ, ನಿಂಗೆ ಭಯ ಭಕ್ತಿ ಇಲ್ವೇನ್ಲಾ?”

“ಇರಾದ್ಕೇ ಬಂದಿವ್ನಿ ಬುದ್ದಿ. ಒಂದ್ ಮಾತು. ಮಾರ್ನಮೀಲಿ ಆಯುಧಪೂಜೆ ಮಾಡಿದ್ರಲ್ಲ, ನೇಗ್ಲಿಗೂ ಕುಂಕ್ಮ ಇಟ್ರಿ.”

“ಇಟ್ಟೆ. ಅದ್ಕೇನೀಗ?”

“ಆ ನೇಗ್ಲು ಈಗೆಲ್ಲದೆ?”

“ಒಲದಲ್ಲದೆ. ಇನ್ನೆಲ್ಲಿರ್ತದೆ?”

“ಪೂಜೆ ಮಾಡಿದ್ದು ಅಂತ ಗೂಡಲ್ಲೇ ಬುಟ್ಟಿದ್ರೆ ಈ ಸಲ ರಾಗಿ ಎಲ್ಲಿಂದ ಬತ್ತಿತ್ತು? ಪುಸ್ತ್ಕಾನೂ ಅಂಗೇ ಬುದ್ದಿ. ದಸಮಿ ದಿವ್ಸ ಎತ್ತಿ ಒಂದ್ ಪುಟನಾದ್ರೂ ಓದುದ್ರೇ ಪೂಜೆ ಮುಗೀತು ಅಂತ. ವಾಚನಾಲಯದಲ್ಲೂ ಅಂಗೇ ಮಾಡೋದು. ನಿಮ್ಮನೇಲಿ ಒಂಬತ್ತು ತಿಂಗ್ಳಿಂದ ಪೂಜೆ ಅರ್ಧಕ್ಕೇ ನಿಂತದೆ.”

ಗೌಡರು ಬಾಯಿಗೆ ಹಾಕಿಕೊಳ್ಳಬೇಕೆಂದಿದ್ದ ಎಲೆ ಕೈಯಲ್ಲೇ ಉಳಿಯಿತು. ಒಳಗಿನಿಂದ ಅವರ ತಾಯಿ ಮಾಯಮ್ಮನವರ ನಗು ಕೇಳಿತು. “ಅಯ್ಯೋ ನಿನ್ನ ಮಕಕ್ಕೆ! ನಾನು ದಿನಾ ಅದ್ಕೆ ದೀಪ ತೋರುಸ್ತಿದ್ದೆ ಕಣ್ಲಾ, ಅದು ಒಲಕ್ಕೋಗ್ಬೇಕು ಅಂತ ಕುಂತಿತ್ತಂತೆ!” ಮುದುಕಿ ಐದನ್ನೂ ಸೆರಗಿನಲ್ಲಿ ತಂದು ಜಗಲಿಯ ಅಂಚಿನಲ್ಲಿಟ್ಟು ಹಿಂದೆ ಸರಿದು ನಿಂತರು. ಹುಚ್ಚೀರಯ್ಯ ಎತ್ತಿಕೊಂಡರು. ಮೂರನೇ ಭಾಗದ ರಟ್ಟಿಗೆ ಅರಿಸಿನ ಮೆತ್ತಿತ್ತು, ಒಣಗಿದ ಚೆಂಡುಹೂವಿನ ಎಸಳು ಅಂಟಿತ್ತು. ಕಡ್ಡಿ ಇಟ್ಟಲ್ಲೇ ಇತ್ತು.

ಆ ಎರಡು ಮೈಲಿಯನ್ನು ಹುಚ್ಚೀರಯ್ಯ ನಡೆದರೆನ್ನುವುದಕ್ಕಿಂತ ಓಡಿದರೆನ್ನಬೇಕು.

ಪೂರಿಗಾಲಿಯಲ್ಲಿ ದೇವಿರಮ್ಮ ಅಂಗಳದ ನುಗ್ಗೆಮರದ ಕೆಳಗೆ ಚಾಪೆ ಹಾಕಿ ಕೂತಿದ್ದಾರೆ. ಪಕ್ಕದಲ್ಲಿ ಐದು ಪುಸ್ತಕದ ಗುಡ್ಡೆ. ಮೂರನೇ ಭಾಗ ಬರುವವರೆಗೆ ಹೊತ್ತು ಹೋಗಲೆಂದು ಹುಚ್ಚೀರಯ್ಯ ಈಚೆಗೆ ಒಂದೊಂದಾಗಿ ತಂದುಕೊಟ್ಟವು. ಹೋದ ಸಲ ಬಂದಾಗ ಆ ಐದರಲ್ಲೂ ಕಡ್ಡಿ ಅಲುಗಿರಲಿಲ್ಲ. “ಒಂದಕ್ಕೋಸ್ಕರ ಐದರ ಮೇಲೆ ಮುನಿಸ್ಕೊಂಡ್ರೆ ಎಂಗವ್ವ, ಕಾಯೋರಿದ್ರು,” ಎಂದು ಕೊಂಚ ಗಡುಸಾಗಿಯೇ ಅಂದಿದ್ದರು. ಆದರೂ ಎತ್ತಿಕೊಳ್ಳಲು ಮನಸ್ಸಾಗದೆ ಅಲ್ಲೇ ಬಿಟ್ಟು ಹೋಗಿದ್ದರು.

ಇವತ್ತೂ ಅಭ್ಯಾಸದಂತೆ ಬಗ್ಗಿ ನೋಡಿದರು. ಮೊದಲನೆಯದು, ಎರಡನೆಯದು, ಐದನೆಯದು. ಕಡ್ಡಿಗಳು ಅಲ್ಲೇ ಇವೆ.

“ಅವ್ವಾ, ಬಂತು ನೋಡು ಮೂರ್ನೇದು.”

ದೇವಿರಮ್ಮನ ಮುಖವೆಲ್ಲ ಅರಳಿತು. ಎರಡೂ ಕೈ ನೀಡಿ ತೆಗೆದುಕೊಂಡು ಮೂಸಿ ನೋಡಿದರು. “ಅರಿಸ್ನದ ವಾಸ್ನೆ. ಮದ್ವೆ ಎಣ್ಣಿನಂಗೆ ಬಂದದಲ್ಲಪ್ಪ!” ಎಂದು ನಕ್ಕು, ತೊಡೆಯ ಮೇಲಿಟ್ಟುಕೊಂಡು ಬಿಚ್ಚಿ, ಬೆರಳಿಟ್ಟರು. ಪುಸ್ತಕ ತಲೆಕೆಳಗಾಗಿತ್ತು.

ಹುಚ್ಚೀರಯ್ಯ ಅಲ್ಲೇ ನಿಂತರು. ಕಡ್ಡಿ ಸರಿಯದಿದ್ದರೆ ಓದಿಲ್ಲ ಎಂಬ ಒಂದೇ ಅರ್ಥ ಗೊತ್ತಿತ್ತು ಅವರಿಗೆ. ಓದಲಾರರು ಎಂಬ ಇನ್ನೊಂದು ಅರ್ಥ ಇಷ್ಟು ವರ್ಷವಾದರೂ ಹೊಳೆದಿರಲಿಲ್ಲ.

“ಯಾವಾಗಿಂದ ಅವ್ವಾ?”

ದೇವಿರಮ್ಮನ ಬೆರಳು ತಡೆಯಿತು. “ಯುಗಾದಿ ಕಳೀತಲ್ಲ, ಅಲ್ಲಿಂದ ಬರೀ ಬೆಳಕು, ಕತ್ಲು. ಅಕ್ಸರ ಇಲ್ಲ.”

“ಯಾಕೆ ಯೋಳ್ನಿಲ್ಲ?”

“ಯೋಳಿದ್ರೆ ನೀನು ಪುಸ್ತ್ಕ ತರೋದು ನಿಲ್ಲಿಸ್ಬುಡ್ತಿದ್ದೆ. ಕಾಯೋರವ್ರಲ್ಲ ನಿಂಗೆ.”

ಹುಚ್ಚೀರಯ್ಯನವರು ಆಕಾಶ ನೋಡಿದರು. ಹೊತ್ತು ಪಡುವಣಕ್ಕೆ ವಾಲುತ್ತಿದೆ. ಊರೊಳಗೆ ಇನ್ನೂ ನಾಲ್ಕು ಮನೆಯವರು ಅವರ ದಾರಿ ನೋಡುತ್ತಿದ್ದಾರೆ. ದೇವಿರಮ್ಮನಿಗೂ ಅದು ಗೊತ್ತು. ಪುಸ್ತಕ ಮುಚ್ಚಿ ಅವರತ್ತ ಚಾಚಿದರು.

“ತಗೊಂಡೋಗಪ್ಪ, ಕಣ್ಣಿರೋರು ಓದ್ಕೊಳ್ಲಿ. ನೀನು ಎಲ್ಲಾನೂ ಓದೇ ಒತ್ಕೊಂಡ್ ಬತ್ತೀಯಲ್ಲ, ಕೊನೆ ಒಂದು ಯೋಳ್ಬುಟ್ಟು ಓಗು. ಆ ಎಣ್ಣು ಮಗೂನ ಮತ್ತೆ ಕಂಡ್ಲಾ? ಊಂ ಅನ್ನು, ಇಲ್ಲ ಊಹೂಂ ಅನ್ನು. ಅಷ್ಟು ಸಾಕು ನಂಗೆ.”

ಹುಚ್ಚೀರಯ್ಯ ಪುಸ್ತಕ ಇಸಕೊಂಡರು. ಕೈಯನ್ನು ಟವೆಲಿನಿಂದ ಎರಡು ಸಲ ಒರೆಸಿಕೊಂಡರು. ಕುಕ್ಕೆಯಿಂದ ಗುಂಡುಕಲ್ಲು ತೆಗೆದು ಕೆಳಗಿಟ್ಟು, ನುಗ್ಗೆಮರಕ್ಕೆ ಬೆನ್ನು ಕೊಟ್ಟು ಚಾಪೆಯ ಅಂಚಿಗೆ ಕೂತರು. ಮೊದಲ ಅಧ್ಯಾಯದ ಕೊನೆಯಲ್ಲಿದ್ದ ಕಡ್ಡಿಯನ್ನು ತೆಗೆದು ಕಿವಿಯ ಮೇಲೆ ಸಿಕ್ಕಿಸಿಕೊಂಡು, ಮೊದಲ ಪುಟ ಬಿಡಿಸಿ, ದನಿ ಸರಿಮಾಡಿಕೊಂಡರು.

“ಆಗಾಕಿಲ್ಲ ಕಣವ್ವ. ಕೊನೆ ಮಾತ್ರ ನಾನು ಯೋಳಾಕಿಲ್ಲ.”