ಕೆರೆ ತುಂಬಿದ ವರ್ಷ ದಿಣ್ಣೆಯ ಮೇಲೆ

ದೊಡ್ಡಬಳ್ಳಾಪುರದಿಂದ ಸಾಸಲಿನ ಕಡೆ ಹೋಗುವಾಗ ಸಿಗುವ ಒಂದು ದೊಡ್ಡ ಕೆರೆಯಂಗಳದ ದಿಣ್ಣೆಯ ಮೇಲೆ ನನ್ನ ಗಂಡನ ಮನೆ ಇದೆ. ನಾನು ಮದುವೆಯಾಗಿ ಬಂದಾಗ ಆ ಕೆರೆಯಲ್ಲಿ ಹನಿ ನೀರಿರಲಿಲ್ಲ. ಅಂಗಳದ ತುಂಬ ಜಾಲಿ ಬೆಳೆದಿತ್ತು. ಜಾಲಿಯ ನಡುವೆ ಒಂದು ಗಾಡಿದಾರಿ, ಆ ದಾರಿಯ ಕೊನೆಗೆ ನಮ್ಮ ಏಳೆಂಟು ಮನೆಗಳು. ಕೆರೆ ಎನ್ನುವುದು ಹೆಸರಿಗೆ ಮಾತ್ರ ಎಂದುಕೊಂಡಿದ್ದೆ.

ಆಮೇಲೆ ಒಂದು ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಕೆರೆ ತುಂಬಿ ಕೋಡಿ ಬಿತ್ತು. ಸುತ್ತಲ ಊರಿನವರು ಬೈಕು, ಕಾರುಗಳಲ್ಲಿ ಬಂದು ಕೋಡಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ನಮಗೆ ಮಾತ್ರ ದಾರಿ ಮುಳುಗಿ, ಕರೆಂಟು ಹೋಗಿ, ದಿಣ್ಣೆ ನಡುಗಡ್ಡೆಯಾಯಿತು. ವಿಮಾನ ನಿಲ್ದಾಣದಲ್ಲಿ ಕಾರು ಓಡಿಸುವ ನನ್ನ ಗಂಡ ಮಗಳನ್ನು ಕರೆದುಕೊಂಡು ಊರೊಳಗಿನ ತಂಗಿಯ ಮನೆಯಲ್ಲಿ ಉಳಿದರು. ದನಗಳನ್ನು ಬಿಟ್ಟು ಹೋಗುವಂತಿರಲಿಲ್ಲವಾದ್ದರಿಂದ ನಾನು ಮತ್ತು ಅತ್ತೆ ದಿಣ್ಣೆಯಲ್ಲೇ ಇದ್ದೆವು. ಗಂಡನ ಚಿಕ್ಕಪ್ಪ ಪ್ಲಾಸ್ಟಿಕ್ ಡ್ರಮ್ಮುಗಳಿಗೆ ಬಿದಿರು ಕಟ್ಟಿ ಒಂದು ತೆಪ್ಪ ಮಾಡಿದರು. ಈ ದಡದಿಂದ ಆ ದಡಕ್ಕೆ ಹಗ್ಗ ಬಿಗಿದು, ಅದನ್ನು ಹಿಡಿದು ಎಳೆದುಕೊಂಡು ಜನರನ್ನು ದಾಟಿಸುತ್ತಿದ್ದರು. ದಿಣ್ಣೆಗೆ ಬರಲು, ಹೋಗಲು ಅದೊಂದೇ ದಾರಿ.

ನೀರು ಬಂದ ಕೆಲವೇ ದಿನಕ್ಕೆ ಆ ಸುದ್ದಿ ಬಂತು. ಏರಿಯ ಆಚೆಗಿನ ಹಳ್ಳಿಯ ಒಬ್ಬ ಹುಡುಗಿ ಕೆರೆಗೆ ಬಿದ್ದಿದ್ದಾಳೆ, ಏರಿಯ ಮೇಲೆ ಅವಳ ಚಪ್ಪಲಿ ಮಾತ್ರ ಸಿಕ್ಕಿದೆ. ಅಗ್ನಿಶಾಮಕದವರು ದೋಣಿ ತಂದು ಹುಡುಕಿದರು. ಆದರೆ ಮುಳುಗಿದ ಜಾಲಿಮರಗಳ ಮುಳ್ಳಿನ ನಡುವೆ ದೋಣಿ ನುಗ್ಗಲಿಲ್ಲ. ತೇಲಿದಾಗ ಸಿಗುತ್ತಾಳೆ ಎಂದು ಹೇಳಿ ಹೋದರು.

ಆ ಮಾತು ನಮ್ಮ ದಿಣ್ಣೆಯ ಹೆಂಗಸರ ನಿದ್ದೆ ಕೆಡಿಸಿತು. ತೇಲಿದರೆ ಗಾಳಿ ಬೀಸುವ ಕಡೆಗೆ ಬರಬೇಕು. ಗಾಳಿ ಬೀಸುತ್ತಿದ್ದದ್ದು ನಮ್ಮ ಕಡೆಗೆ. ಬೆಳಗ್ಗೆ ನೀರಿನಂಚಿಗೆ ಒಬ್ಬೊಬ್ಬರೇ ಹೋಗುವುದನ್ನು ಬಿಟ್ಟೆವು. ಒಂದು ಬಿಳಿ ಗೊಬ್ಬರದ ಚೀಲ ತೇಲಿಬಂದರೂ ನಾನು ಬಿಂದಿಗೆ ಬಿಟ್ಟು ಮನೆಗೆ ಓಡುತ್ತಿದ್ದೆ.

ಹುಡುಗಿಯ ಅಣ್ಣ ಪ್ರತಿದಿನ ತೆಪ್ಪದಲ್ಲಿ ಬರುತ್ತಿದ್ದ. ಮೂವತ್ತರ ಆಸುಪಾಸಿನವನು, ಇಸ್ತ್ರಿ ಮಾಡಿದ ಅಂಗಿ, ಮೆತ್ತನೆಯ ಮಾತು. ತಂಗಿಗೆ ಕೋಡಿ ತೋರಿಸಲು ಬೆಳಗ್ಗೆಯೇ ಬೈಕಿನಲ್ಲಿ ಕರೆದುಕೊಂಡು ಬಂದಿದ್ದನಂತೆ. ಫೋನು ಬಂತೆಂದು ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ಅವಳು ಇರಲಿಲ್ಲವಂತೆ. ಇದನ್ನು ಹೇಳುವಾಗೆಲ್ಲ ಅವನ ಕಣ್ಣು ತುಂಬುತ್ತಿತ್ತು. ದಿಣ್ಣೆಯ ಅಂಚನ್ನು ಒಂದು ಸುತ್ತು ಹಾಕಿ ಬಂದು ನಮ್ಮ ಜಗಲಿಯ ಮೇಲೆ ಕುಳಿತುಕೊಳ್ಳುತ್ತಿದ್ದ. ನಾನು ಮಜ್ಜಿಗೆ ಕೊಡುತ್ತಿದ್ದೆ. ಅತ್ತೆ ಒಂದು ದಿನವೂ ಹೊರಗೆ ಬರಲಿಲ್ಲ. ಮೊಣಕಾಲು ನೋವು ಎಂದು ಒಳಗೇ ಮಲಗಿರುತ್ತಿದ್ದರು.

ಅಷ್ಟರಲ್ಲಿ ದಿಣ್ಣೆಯಲ್ಲಿ ಸಾಮಾನುಗಳು ಕಾಣೆಯಾಗತೊಡಗಿದವು. ಪಕ್ಕದ ಮನೆಯವರು ಒಣಗಲು ಹಾಕಿದ್ದ ಕಂಬಳಿ ಹೋಯಿತು. ಇನ್ನೊಬ್ಬರ ಬಾಗಿಲ ಹಿಂದೆ ತೂಗುಹಾಕಿದ್ದ ಬಾಳೆಗೊನೆಯ ಚಿಪ್ಪೊಂದು ಹೋಯಿತು. ಹೊರಗಿನವರು ತೆಪ್ಪವಿಲ್ಲದೆ ಬರುವಂತಿರಲಿಲ್ಲ. ಹಾಗಾದರೆ ಕದ್ದವರು ನಮ್ಮೊಳಗಿನವರೇ. ಜೊತೆಗೆ ಕಾಫಿ ಕುಡಿಯುತ್ತಿದ್ದ ಎರಡು ಮನೆಯವರು ಮಾತು ಬಿಟ್ಟರು.

ಆಮೇಲೆ ಯಾರೋ ಪಾಲಿಹೌಸಿನ ಕಡೆಯಿಂದ ಕೆಮ್ಮು ಕೇಳಿದೆ ಎಂದರು. ಬೆಂಗಳೂರಿನವರೊಬ್ಬರು ಗುಲಾಬಿ ಬೆಳೆಯಲು ದಿಣ್ಣೆಯ ಹಿಂಬದಿಯಲ್ಲಿ ಆ ಪಾಲಿಹೌಸ್ ಕಟ್ಟಿಸಿ, ನಷ್ಟವಾಗಿ ಬಿಟ್ಟುಹೋಗಿದ್ದರು. ಅದರ ಹರಿದ ಪ್ಲಾಸ್ಟಿಕ್ ಹಾಳೆ ಗಾಳಿಗೆ ಪಟಪಟ ಎನ್ನುತ್ತಿತ್ತು. ಮುಳುಗಿದ ಹುಡುಗಿ ಅಲ್ಲಿ ಸೇರಿಕೊಂಡಿದ್ದಾಳೆ, ಹಸಿವಿಗೆ ಮನೆಮನೆ ಸುತ್ತುತ್ತಿದ್ದಾಳೆ ಎಂಬ ಮಾತು ಹುಟ್ಟಿತು. ಬಾಗಿಲಿಗೆ ಬೇವಿನಸೊಪ್ಪು ಸಿಕ್ಕಿಸಿದರು. ನಾನೂ ಸಿಕ್ಕಿಸಿದೆ. ದೆವ್ವ ನಂಬದ ನನಗೂ ಹೊತ್ತು ಇಳಿಯುವ ಮೊದಲೇ ಚಿಲಕ ಹಾಕದಿದ್ದರೆ ಸಮಾಧಾನವಿರಲಿಲ್ಲ.

ನಮ್ಮ ಮನೆಯಲ್ಲೂ ಕೆಲವು ಸಣ್ಣ ಪುಟ್ಟ ವಸ್ತುಗಳು ಕಡಿಮೆಯಾಗಿದ್ದವು. ಅರಿಶಿನದ ಡಬ್ಬಿ ತಳ ಕಂಡಿತ್ತು. ಅತ್ತೆಯ ಹಳೆಯ ಮೆತ್ತನೆಯ ಸೀರೆಯೊಂದು ಕಾಣಲಿಲ್ಲ. ಕೇಳಿದರೆ, ದನದ ಗಾಯಕ್ಕೆ ಬಳಸಿದೆ ಎಂದರು. ಯಾವ ದನಕ್ಕೂ ಗಾಯವಾಗಿರಲಿಲ್ಲ. ವಯಸ್ಸಾಯಿತಲ್ಲ, ಮರೆವು ಎಂದುಕೊಂಡು ಸುಮ್ಮನಾದೆ.

ಒಂದು ಬೆಳಗ್ಗೆ ನನ್ನ ಬೀರುವಿನಲ್ಲಿಟ್ಟಿದ್ದ ಪ್ಯಾಡಿನ ಪೊಟ್ಟಣಕ್ಕೆ ಕೈಹಾಕಿದೆ. ಅದು ಇರಲಿಲ್ಲ. ಪೂರ್ತಿ ಪೊಟ್ಟಣವೇ ಇರಲಿಲ್ಲ.

ಬೀರುವಿನ ಮುಂದೆ ಹಾಗೆಯೇ ಕುಳಿತುಬಿಟ್ಟೆ. ದೆವ್ವಕ್ಕೆ ಅದು ಬೇಡ. ಗಂಡುಕಳ್ಳನಿಗೂ ಬೇಡ. ಮಗಳು ಚಿಕ್ಕವಳು, ಅತ್ತೆಗೆ ಆ ವಯಸ್ಸು ಮುಗಿದು ಎಷ್ಟೋ ಕಾಲವಾಗಿತ್ತು. ದಿಣ್ಣೆಯ ಮೇಲೆ ನಮ್ಮ ಲೆಕ್ಕಕ್ಕೆ ಸಿಗದ ಒಬ್ಬ ಹೆಂಗಸು, ಜೀವ ಇರುವ ಹೆಂಗಸು ಇದ್ದಾಳೆ. ನನ್ನ ಬೀರುವಿನವರೆಗೆ ಬರುವ ಕೈ ಮನೆಯೊಳಗಿನದೇ ಆಗಿರಬೇಕು. ಮನೆಯೊಳಗೆ ನನ್ನನ್ನು ಬಿಟ್ಟರೆ ಇದ್ದವರು ಒಬ್ಬರೇ.

ಬಿದಿರಿನ ಮಂಕರಿ ಹೊತ್ತು ಹುಲ್ಲಿಗೆಂದು ಹೊರಟ ಅತ್ತೆಯ ಹಿಂದೆ ಸ್ವಲ್ಪ ದೂರ ಬಿಟ್ಟು ನಡೆದೆ. ಮೊಣಕಾಲು ನೋವೆಂದು ಮಲಗುತ್ತಿದ್ದವರು ಸರಸರ ಹೋಗುತ್ತಿದ್ದರು. ಹುಲ್ಲಿರುವ ಕಡೆ ತಿರುಗದೆ ನೇರ ಪಾಲಿಹೌಸಿನೊಳಗೆ ನುಗ್ಗಿದರು. ಒಣಗಿದ ಗುಲಾಬಿ ಗಿಡಗಳ ಸಾಲಿನ ಕೊನೆಗೆ ಪಂಪಿನ ಕೋಣೆ. ಬಾಗಿಲಿಗೆ ಬೀಗ ನೇತಾಡುತ್ತಿತ್ತು, ಆದರೆ ಒತ್ತಿರಲಿಲ್ಲ. ಒಳಗೆ ಪಿಸುಮಾತು. ಓಡಿಹೋಗೋಣ ಎನ್ನಿಸಿತು. ಆದರೆ ಅತ್ತೆಯನ್ನು ಒಳಗೆ ಬಿಟ್ಟು ಹೋಗಲು ಕಾಲು ಬರಲಿಲ್ಲ. ಬಾಗಿಲು ತಳ್ಳಿದೆ.

ಕಾಣೆಯಾಗಿದ್ದ ಕಂಬಳಿ ಹೊದ್ದು ಒಬ್ಬ ಹುಡುಗಿ ಗೋಡೆಗೆ ಒರಗಿ ಕುಳಿತಿದ್ದಳು. ಕೈ, ಕುತ್ತಿಗೆ, ಕೆನ್ನೆಯ ತುಂಬ ಮುಳ್ಳು ಗೀರಿದ ಗಾಯ, ಅದರ ಮೇಲೆ ಅರಿಶಿನ. ನನ್ನನ್ನು ಕಂಡದ್ದೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅತ್ತೆ ತಿರುಗಿ ನೋಡಿ, ಬಾಗಿಲು ಹಾಕು ಎಂದರು ಅಷ್ಟೆ.

ಹುಡುಗಿ ಬಾಯಿಂದ ಕೈ ತೆಗೆಯಲು ತುಂಬ ಹೊತ್ತು ಬೇಕಾಯಿತು.

“ಬಿದ್ದಿಲ್ಲ ಅಕ್ಕ ನಾನು. ನಮ್ಮಣ್ಣನೇ ತಳ್ಳಿದ್ದು.”

ಅವರ ಹೊಲದ ಪಕ್ಕ ಹೊಸ ರಸ್ತೆ ಬರುತ್ತಿತ್ತು. ಜಮೀನು ಮಾರಲು ಅವಳ ಸಹಿಯೂ ಬೇಕಿತ್ತು, ತನ್ನ ಪಾಲು ತನಗಿರಲಿ ಎಂದು ಅವಳು ಸಹಿ ಹಾಕಿರಲಿಲ್ಲ. ಕೋಡಿ ನೋಡಲು ಕರೆದಾಗ ಅಣ್ಣನ ಕೋಪ ಇಳಿಯಿತೆಂದು ಖುಷಿಯಿಂದಲೇ ಬೈಕು ಹತ್ತಿದ್ದಳು. ಬಿದ್ದವಳಿಗೆ ಜಾಲಿಯ ಕೊಂಬೆ ಸಿಕ್ಕಿತು. ಒಂದು ಮರದಿಂದ ಇನ್ನೊಂದಕ್ಕೆ ಮುಳ್ಳು ಹಿಡಿದೇ ಬಂದು ನಮ್ಮ ದಡಕ್ಕೆ ಬಿದ್ದಿದ್ದಳು. ಹುಲ್ಲಿಗೆ ಹೋಗಿದ್ದ ಅತ್ತೆಗೆ ಸಿಕ್ಕಿದ್ದಳು. ಯಾರಿಗೂ ಹೇಳಬೇಡಿ, ಹೇಳಿದರೆ ನೀರು ಇಳಿಯುವುದರೊಳಗೆ ಬಂದು ಮುಗಿಸುತ್ತಾನೆ ಎಂದು ಅತ್ತೆಯ ಕಾಲು ಹಿಡಿದುಕೊಂಡಿದ್ದಳು. ಅತ್ತೆ ಹೇಳಿರಲಿಲ್ಲ. ಕಂಬಳಿ, ಬಾಳೆಹಣ್ಣು ತಂದದ್ದೂ ಅವರೇ.

ನನಗಾದರೂ ಹೇಳಬಾರದಿತ್ತೆ ಎಂದು ಕೇಳಿದೆ.

“ಹೇಳಿದ್ರೆ ಅವ್ನು ಬಂದಾಗ ನೀನು ಮಜ್ಜಿಗೆ ಕೊಡೋಕಾಗ್ತಿತ್ತೇನಮ್ಮ? ಕೈ ನಡುಗಿಬಿಡೋದು. ನನ್ಗೇ ಅವ್ನ ಮುಂದೆ ಬರೋಕೆ ಧೈರ್ಯ ಇಲ್ಲ ಅಂತ ಮಲಗಿರ್ತೀನಿ.”

ಅದು ಎಷ್ಟು ನಿಜ ಎಂದು ಅದೇ ದಿನ ತಿಳಿಯಿತು. ಅವನು ಬಂದ, ಜಗಲಿಯ ಮೇಲೆ ಕುಳಿತ. ನಾನು ಲೋಟವನ್ನು ಕೈಗೆ ಕೊಡದೆ ಪಕ್ಕದಲ್ಲಿಟ್ಟೆ. ಮಜ್ಜಿಗೆ ಕುಡಿಯುತ್ತ ಅವನು ನಮ್ಮ ದಿಣ್ಣೆಯ ದೆವ್ವದ ಸುದ್ದಿ ತೆಗೆದ. ಆಚೆ ದಡದಲ್ಲೂ ಜನ ಅದನ್ನೇ ಮಾತಾಡುತ್ತಿದ್ದಾರಂತೆ.

“ಕೆಮ್ಮೋದು ಕೇಳಿಸ್ತಂತಲ್ಲಕ್ಕ. ದೆವ್ವ ಎಲ್ಲಾದ್ರೂ ಕೆಮ್ತದಾ?”

ಅವನ ಕಣ್ಣು ಎಂದಿನಂತೆ ತುಂಬಿತ್ತು. ನಾಳೆ ಗೆಳೆಯರನ್ನು ಕರೆತಂದು ಪಾಲಿಹೌಸನ್ನೆಲ್ಲ ಒಂದು ಸಲ ನೋಡುತ್ತೇನೆ, ಮನಸ್ಸಿಗೆ ಸಮಾಧಾನವಾಗುತ್ತದೆ ಎಂದು ಹೇಳಿ ಎದ್ದ.

ಅವನು ಹೋದಮೇಲೆ ಗಂಡನ ಚಿಕ್ಕಪ್ಪನಿಗೆ ಎಲ್ಲವನ್ನೂ ಹೇಳಿದೆವು. ಅವರು ಬೀಡಿ ಹಚ್ಚಲು ಹೋಗಿ ಎರಡು ಕಡ್ಡಿ ಮುರಿದರು. ತೆಪ್ಪ ಎಳೆಯುವುದು ನನಗೆ ಬಿಡಿ ಎಂದರು. ಆಚೆ ದಡದಲ್ಲಿ ಅವನೇ ಎದುರಾಗದಂತೆ ಅವನು ದಿಣ್ಣೆಗೆ ಬಂದಿರುವಾಗಲೇ ದಾಟಬೇಕಿತ್ತು, ಪೊಲೀಸರನ್ನು ಇಲ್ಲಿಗೆ ಕರೆದರೆ ಸುದ್ದಿ ಮೊದಲೇ ಅವನಿಗೆ ಮುಟ್ಟುತ್ತಿತ್ತು. ಟ್ರ್ಯಾಕ್ಟರ್ ಬ್ಯಾಟರಿಯಿಂದ ಚಾರ್ಜು ಮಾಡಿದ ಫೋನಿನಲ್ಲಿ ಗಂಡನಿಗೆ ಹೇಳಿ, ಬೆಳಗ್ಗೆ ಕಾರು ತಂದು ದಡದಲ್ಲಿ ನಿಲ್ಲುವಂತೆ ಮಾಡಿದೆ. ಹುಡುಗಿಯ ಅಣ್ಣ ಅತ್ತೆಯ ಮುಖವನ್ನೇ ನೋಡಿರಲಿಲ್ಲ. ಈ ಮನೆಯಲ್ಲಿ ಕಾಯಿಲೆಯ ಮುದುಕಿಯೊಬ್ಬಳಿದ್ದಾಳೆ ಎಂಬುದಷ್ಟೇ ಅವನಿಗೆ ಗೊತ್ತಿತ್ತು. ನಮ್ಮ ಕೈಲಿ ಇದ್ದದ್ದು ಅದೊಂದೇ.

ಮಾರನೆಯ ಬೆಳಗ್ಗೆ ಅವನು ಬರುವ ಮೊದಲೇ ಹುಡುಗಿಯನ್ನು ಮನೆಗೆ ಕರೆತಂದು ಅತ್ತೆಯ ಸೀರೆ ಉಡಿಸಿದೆವು. ತಲೆಯ ಮೇಲೆ ಸೆರಗು, ಅದರ ಮೇಲೆ ಕಂಬಳಿ. ಬೆರಳಿನ ತುದಿ ಕೂಡ ಕಾಣದಂತೆ ಸುತ್ತಿದೆ. ಅವನು ಒಬ್ಬ ಗೆಳೆಯನ ಜೊತೆ ತೆಪ್ಪದಿಂದಿಳಿದ. ಇನ್ನೊಬ್ಬ ಆಚೆ ದಡದಲ್ಲಿ ಬೈಕಿನ ಹತ್ತಿರ ಉಳಿದಿದ್ದ. ಅವರಿಬ್ಬರೂ ಪಾಲಿಹೌಸಿನ ಕಡೆ ತಿರುಗಿದ ಮೇಲೆ ನಾವು ಹೊರಟೆವು. ಅತ್ತೆ ಮನೆಯೊಳಗೇ ಉಳಿಯಬೇಕಿತ್ತು. ಅವರು ತೆಪ್ಪದಲ್ಲಿ ಹೋದರೆಂದು ಅವನು ನಂಬಬೇಕಿತ್ತಲ್ಲ. ನಾನೇ ಹೊರಗಿನಿಂದ ಬೀಗ ಹಾಕಿದೆ.

ನೀರಿನ ನಡುಭಾಗಕ್ಕೆ ಬಂದಿದ್ದೆವು. ದಡದಿಂದ ಅವನ ದನಿ ಬಂತು. ಹಿಂದೆ ತಿರುಗಿದರೆ ನೀರಿನಂಚಿನಲ್ಲಿ ನಿಂತಿದ್ದ. ಯಾರನ್ನು ಕರೆದುಕೊಂಡು ಹೋಗುತ್ತಿದ್ದೀರಿ ಎಂದು ಕೇಳಿದ. ಕಂಬಳಿಯೊಳಗಿನ ಮೈ ನನ್ನ ತೋಳಿನಲ್ಲಿ ಗಟ್ಟಿಯಾಯಿತು. ಅತ್ತೆಗೆ ಉಸಿರಾಟದ ತೊಂದರೆ, ಆಸ್ಪತ್ರೆಗೆ ಎಂದು ಕೂಗಿದೆ.

ಅವನು ನೀರಿಗೆ ಎರಡು ಹೆಜ್ಜೆ ಇಳಿದ.

“ಅಜ್ಜಿ ಒಂದಿನಾನೂ ಮುಖ ತೋರಿಸ್ಲಿಲ್ವಲ್ಲಕ್ಕ.”

ಚಿಕ್ಕಪ್ಪ ಹಗ್ಗ ಎಳೆಯುವುದನ್ನು ನಿಲ್ಲಿಸಲಿಲ್ಲ. ನಾನು ಮತ್ತೆ ತಿರುಗಲಿಲ್ಲ. ಬೆನ್ನ ಮೇಲೆ ಅವನ ನೋಟ ಬಿದ್ದಿದೆಯೋ, ಅವನು ಹೊರಟುಹೋದನೋ ತಿಳಿಯದೆ ಕುಳಿತಿದ್ದೆ. ಆ ನೀರು ಅಷ್ಟು ಅಗಲವಿದೆ ಎಂದು ನನಗೆ ಅವತ್ತಿನವರೆಗೆ ಗೊತ್ತೇ ಇರಲಿಲ್ಲ.

ಆಚೆ ದಡ ಮುಟ್ಟಿದಾಗ ಬೈಕಿನ ಪಕ್ಕದಲ್ಲಿದ್ದ ಗೆಳೆಯ, ಪಾಪ ಸಹಾಯ ಮಾಡೋಣವೆಂದು ಓಡಿ ಬಂದ. ಬೇಡ ಎನ್ನುವುದರೊಳಗೆ ಕಂಬಳಿಯ ಮೇಲಿಂದಲೇ ಅವಳ ತೋಳು ಹಿಡಿದು ಎತ್ತಿ ದಡಕ್ಕಿಟ್ಟ. ಅಜ್ಜಿ ಹಗುರ ಇದ್ದಾರೆ ಎಂದ. ನಾನು ಹೂಂ ಎಂದೆ. ಅವಳು ಬಾಗಿ, ಕಾಲೆಳೆಯುತ್ತ ನಡೆದಳು. ಗಂಡ ಕಾರಿನ ಬಾಗಿಲು ತೆಗೆದು ನಿಂತಿದ್ದರು.

ಕಾರು ಟಾರುರಸ್ತೆ ಹತ್ತಿದ ಮೇಲೆ ಒಂದು ಬೈಕು ಹಿಂದೆ ಬಂತು. ಅದೇ ಗೆಳೆಯನ ಬೈಕು, ಅವನಿಗೆ ದಿಣ್ಣೆಯಿಂದ ಫೋನು ಬಂದಿರಬೇಕು. ನಾವು ನಿಧಾನ ಮಾಡಿದರೆ ಅದೂ ನಿಧಾನವಾಗುತ್ತಿತ್ತು. ಹುಡುಗಿ ಸೀಟಿನ ಕೆಳಗೆ ಜಾರಿ ಕುಳಿತು ನನ್ನ ಮಂಡಿ ಹಿಡಿದುಕೊಂಡಿದ್ದಳು. ಗಂಡ ಆಸ್ಪತ್ರೆಯ ಕಡೆ ತಿರುಗಿಸದೆ ನೇರ ಪೊಲೀಸ್ ಠಾಣೆಯ ಅಂಗಳದೊಳಕ್ಕೆ ಕಾರು ತಂದರು. ಬೈಕು ಗೇಟಿನ ಹೊರಗೆ ಒಂದು ಕ್ಷಣ ನಿಂತು ಹೊರಟುಹೋಯಿತು.

ಠಾಣೆಯಲ್ಲಿದ್ದ ಮಹಿಳಾ ಎಸ್ಸೈ ಬಾಗಿಲು ಹಾಕಿಸಿ, ಅವಳು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು. ನನಗೆ ಮಾತ್ರ ಯಾವುದೂ ಕಿವಿಗೆ ಬೀಳುತ್ತಿರಲಿಲ್ಲ. ಮನೆಯ ಬೀಗದಕೈ ನನ್ನ ಕೈಯಲ್ಲಿತ್ತು. ಹುಡುಗಿಯ ಅಣ್ಣ ಓಡಿಹೋಗದಿರಲಿ ಎಂದು ಚಿಕ್ಕಪ್ಪ ತೆಪ್ಪವನ್ನು ಆಚೆ ದಡಕ್ಕೇ ಕಟ್ಟಿ ಕುಳಿತಿದ್ದರು. ಅಂದರೆ ಅವನು ದಿಣ್ಣೆಯಲ್ಲೇ ಇದ್ದ. ಬೀಗ ಹಾಕಿದ ಮನೆಯೊಳಗೆ ಅತ್ತೆ ಒಬ್ಬರೇ ಇದ್ದರು. ಅದನ್ನು ಎಸ್ಸೈಗೆ ಹೇಳಿದಾಗ ಅವರು ಟೋಪಿ ತೆಗೆದುಕೊಂಡು ಎದ್ದುಬಿಟ್ಟರು.

ನಾವು ಪೊಲೀಸರೊಂದಿಗೆ ತೆಪ್ಪದಲ್ಲಿ ದಾಟಿದಾಗ ಜೊತೆಗೆ ಬಂದಿದ್ದ ಗೆಳೆಯ ನೀರಿನಂಚಿನಲ್ಲಿ ತೆಪ್ಪಕ್ಕೆ ಕಾಯುತ್ತಿದ್ದ, ಅವನು ನಮ್ಮ ಜಗಲಿಯ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಅರಿಶಿನ ಮೆತ್ತಿದ ಸೀರೆಯ ಚಿಂದಿಗಳಿದ್ದವು. ಪಂಪಿನ ಕೋಣೆಯಿಂದ ತಂದಿದ್ದ. ಪೊಲೀಸರನ್ನು ಕಂಡು ಎದ್ದು, ಅಂಗಿ ಸರಿಮಾಡಿಕೊಂಡು ಅವರ ಜೊತೆ ನಡೆದ. ಅವನ ಕಣ್ಣಲ್ಲಿ ಅವತ್ತು ನೀರಿರಲಿಲ್ಲ.

ಬೀಗ ತೆಗೆದು ಒಳಗೆ ಹೋದರೆ ಅತ್ತೆ ಅಡುಗೆಮನೆಯ ಮೂಲೆಯಲ್ಲಿ, ತೊಡೆಯ ಮೇಲೆ ಕುಡುಗೋಲಿಟ್ಟುಕೊಂಡು ಕುಳಿತಿದ್ದರು. ಬೆರಳುಗಳನ್ನು ಅದರ ಹಿಡಿಯಿಂದ ನಾನೇ ಒಂದೊಂದಾಗಿ ಬಿಡಿಸಿದೆ. ಅವನು ಮನೆಯನ್ನು ಸುತ್ತಿದನಂತೆ, ಪ್ರತಿ ಕಿಟಕಿಯ ಹತ್ತಿರವೂ ನಿಂತನಂತೆ. ಆಮೇಲೆ ಬಾಗಿಲಿಗೆ ಬಾಯಿ ಹತ್ತಿರ ತಂದು ಮೆತ್ತಗೆ, ಅಜ್ಜಿ, ಒಳಗಿದೀರಾ ಎಂದು ಕೇಳಿದನಂತೆ.

“ಉಸ್ರು ಬಿಡಲಿಲ್ಲ ಕಣಮ್ಮ. ಅವ್ನೂ ಬಿಡ್ತಿರ್ಲಿಲ್ಲ, ಕೇಳಿಸ್ಕೊಂತಾ ನಿಂತಿದ್ದ.”

ಕೇಸು ಇನ್ನೂ ನಡೆಯುತ್ತಿದೆ. ಕೆಲವು ತಿಂಗಳಿಗೆ ಅವನು ಜಾಮೀನಿನ ಮೇಲೆ ಹೊರಬಂದ. ಹುಡುಗಿ ಬೇರೆ ಊರಿನ ಗಾರ್ಮೆಂಟ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಊರಿನ ಹೆಸರನ್ನು ನಾನು ಯಾರಿಗೂ ಹೇಳುವುದಿಲ್ಲ. ಸಹಿಯನ್ನು ಅವಳು ಇಂದಿಗೂ ಹಾಕಿಲ್ಲ. ಕೋರ್ಟಿನಲ್ಲಿ ಅವಳು ನಡೆದದ್ದನ್ನು ಹೇಳುವಾಗ ಅಣ್ಣ ಎದುರಿಗೇ ನಿಂತಿದ್ದ. ಅವಳು ನಿಲ್ಲಿಸದೆ ಕೊನೆಯವರೆಗೂ ಹೇಳಿದಳು. ಅತ್ತೆಯೂ ಸಾಕ್ಷಿ ನುಡಿದರು.

ನೀರು ಇಳಿದು ನಮ್ಮ ಗಾಡಿದಾರಿ ಮತ್ತೆ ತೆರೆದುಕೊಂಡಾಗ ದಿಣ್ಣೆಯವರೆಲ್ಲ ಸಂತೋಷಪಟ್ಟರು. ನನಗೆ ಮಾತ್ರ ಈಗ ಯಾರು ಬೇಕಾದರೂ ಬರಬಹುದಲ್ಲ ಎನ್ನಿಸಿತು. ಹೋದ ತಿಂಗಳು ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಪಕ್ಕದಲ್ಲಿ ಯಾರೋ ಅಕ್ಕ ಎಂದರು. ಅವನೇ. ಅಂಗಿ ಇಸ್ತ್ರಿ ಮಾಡಿದ್ದು, ದನಿ ಮೆತ್ತನೆಯದು.

“ಅಜ್ಜಿ ಚೆನ್ನಾಗಿದಾರಾ?”

ನಾನು ಎಲ್ಲಿಗೆ ಹೋಗುವ ಬಸ್ಸೆಂದೂ ನೋಡದೆ ಎದುರಿಗೆ ನಿಂತಿದ್ದನ್ನು ಹತ್ತಿದೆ. ಎರಡು ಸ್ಟಾಪು ಕಳೆದ ಮೇಲೆ ಇಳಿದು ಹುಡುಗಿಯ ಪರ ವಕೀಲರಿಗೆ ಫೋನ್ ಮಾಡಿದೆ. ಅವರು ಎಲ್ಲವನ್ನೂ ಬರೆದುಕೊಂಡರು. ಸಾಕ್ಷಿಯನ್ನು ಹೆದರಿಸುತ್ತಿದ್ದಾನೆಂದು ಜಾಮೀನು ರದ್ದು ಮಾಡಲು ಅರ್ಜಿ ಹಾಕುತ್ತೇವೆ ಎಂದರು. ಹಾಕಿ, ನಾನು ಬಂದು ಹೇಳುತ್ತೇನೆ ಎಂದೆ.