ಒಂಬತ್ತು ಡಿಗ್ರಿ ಓರೆಯಾದ ಬಾಗಿಲು

ಅರವತ್ತರ ದಶಕದಲ್ಲಿ ನಾನು ಬೊಂಬಾಯಿ ಬಂದರಿನಲ್ಲಿ ಹಡಗುಗಳಿಗೆ ರಾಡಾರ್ ಏರಿಯಲ್ ಕೂರಿಸುತ್ತಿದ್ದೆ. ಕೂರಿಸಿದ ಮೇಲೆ ದಿಕ್ಕಿನ ತಪ್ಪು ತಿದ್ದುವುದೇ ದೊಡ್ಡ ಕೆಲಸ. ದೂರದ ದೀಪಸ್ತಂಭ ಕಣ್ಣಿಗೆ ಯಾವ ದಿಕ್ಕಿನಲ್ಲಿದೆ, ಪರದೆಯ ಮೇಲೆ ಯಾವ ದಿಕ್ಕಿನಲ್ಲಿದೆ ಎಂದು ನೋಡಿ, ವ್ಯತ್ಯಾಸ ಬಂದಷ್ಟು ಪರದೆಯ ಚಿತ್ರವನ್ನು ತಿರುಗಿಸಬೇಕು. ಕಬ್ಬಿಣದ ಹತ್ತಿರ ದಿಕ್ಸೂಚಿಯನ್ನು ನಂಬಬಾರದು, ಕಣ್ಣನ್ನು ನಂಬಬೇಕು. ಇದನ್ನು ಹೊಸಬರಿಗೆ ಬೈದು ಬೈದು ಕಲಿಸುತ್ತಿದ್ದವನು ನಾನೇ.

ಯುಗಾದಿಗೆ ರಜೆ ಹಾಕಿ ಬಂಗಾರಪೇಟೆಗೆ ಬಂದೆ. ಸೋದರಮಾವನ ಮಗಳನ್ನು ಮದುವೆಯಾಗಬೇಕೆಂಬುದು ನನ್ನ ಆಸೆ. ಮಾವ ಮಾತ್ರ ಬೂದಿಕೋಟೆ ರಸ್ತೆಯಲ್ಲಿ ಹೊಸದಾಗಿ ಕಟ್ಟಿದ ಮನೆಯ ಬಾಗಿಲು ತೋರಿಸಿ ತಲೆ ಅಲ್ಲಾಡಿಸಿದರು. ಆ ಮನೆಗೆ ಬಂದ ಮೇಲೆ ಹಸು ಗಬ್ಬ ನಿಂತಿರಲಿಲ್ಲ, ಎರಡು ಸಲ ಅವರ ಸೊಂಟ ಹಿಡಿದಿತ್ತು. ಎಲ್ಲದಕ್ಕೂ ಬಾಗಿಲೇ ಕಾರಣವಂತೆ.

"ಅಷ್ಟು ದೊಡ್ಡ ಅಡಗಿಗೇ ದಿಕ್ಕು ತೋರ್ಸೋನು ನೀನು. ವಸಿ ನೋಡಪ್ಪಾ, ಪೂರ್ವಕ್ಕೆ ಐತೋ ಇಲ್ವೋ. ಇದು ಸರಿಯಾಗೋಗಂಟ ಮದ್ವೆ ಮಾತು ಬ್ಯಾಡ."

ಓಣಿಯವರೆಲ್ಲ ಸೇರಿದ್ದರು. ನಾನು ಜಂಬದಿಂದ ದಿಕ್ಸೂಚಿ ತೆಗೆದು ಹೊಸ್ತಿಲ ಮೇಲಿಟ್ಟು, "ಒಂಬತ್ತು ಡಿಗ್ರಿ ತಪ್ಪಿದೆ" ಎಂದು ಘೋಷಿಸಿದೆ. ಡಿಗ್ರಿ ಎಂದರೇನೆಂದು ಅಲ್ಲಿ ಯಾರಿಗೂ ತಿಳಿಯದಿದ್ದುದರಿಂದ ಎಲ್ಲರೂ ಒಪ್ಪಿದರು.

ಗಾರೆ ಮೇಸ್ತ್ರಿ ಅವತ್ತೇ ಗೋಡೆ ಒಡೆದು ಹೊಸ್ತಿಲು ಎತ್ತಿದ. ಅದರ ಕೆಳಗೆ ಒಂದು ಮಾರುದ್ದದ ಕಬ್ಬಿಣದ ಕಂಬಿ! ಚಿನ್ನದ ಗಣಿಯಲ್ಲಿ ಸವೆದು ಗುಜರಿಗೆ ಬಿದ್ದ ಟ್ರಾಲಿ ಕಂಬಿಯನ್ನು ನಮ್ಮ ಕಡೆ ತೊಲೆಗೆ, ಹೊಸ್ತಿಲಿಗೆ ಎಲ್ಲದಕ್ಕೂ ಹಾಕುತ್ತಿದ್ದರು. ನಾನು ಹುಟ್ಟಿದ ಮನೆಯ ಸೂರೇ ಅಂಥ ಕಂಬಿಯ ಮೇಲೆ ನಿಂತಿತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತು. ಬಾಯಿ ಬಿಟ್ಟರೆ ಹುಡುಗಿ ಕೈತಪ್ಪುತ್ತಾಳೆಂದು ಹೆದರಿ ಸುಮ್ಮನಿದ್ದೆ. ಮೇಸ್ತ್ರಿ ಕಂಬಿಯನ್ನು ಅಲ್ಲೇ ಹೂತು, ಚೌಕಟ್ಟನ್ನು ಗೋಡೆಯಲ್ಲಿ ಓರೆಯಾಗಿ ನಿಲ್ಲಿಸಿದ. ಮಾವ ನನ್ನ ಬೆನ್ನು ತಟ್ಟಿದರು.

ಮರುದಿನ ಬೆಳಿಗ್ಗೆ ಅಂಗಳ ಸಾರಿಸುತ್ತಿದ್ದ ಹುಡುಗಿ ನನ್ನನ್ನು ಕರೆದಳು.

"ಬಾವ, ನಿನ್ನೆಗಂಟ ಬಿಸ್ಲು ನೆಟ್ಟಗೆ ದೇವ್ರ ಗೂಡಿಗೆ ಬೀಳ್ತಿತ್ತು. ಇವತ್ತು ಪಕ್ಕದ ಗ್ವಾಡೆಗೆ ಬಿದ್ದೈತೆ. ನೀವು ಆ ದಿಕ್ಸೂಚಿನ ಕಂಬಿ ಮ್ಯಾಲಿಟ್ಟು ನೋಡಿದ್ರಾ?"

ಹಗಲು ರಾತ್ರಿ ಸಮವಾಗಿರುವ ಆ ದಿನಗಳಲ್ಲಿ ಸೂರ್ಯ ಹುಟ್ಟುವುದು ನೇರ ಪೂರ್ವದಲ್ಲಿ. ಅವಳ ಬಳಿ ದಿಕ್ಸೂಚಿ ಇರಲಿಲ್ಲ, ಕಣ್ಣಿತ್ತು. ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು. ಹಡಗಿನ ಮೇಲೆ ಈ ತಪ್ಪು ಮಾಡಿ ಸುಮ್ಮನಿದ್ದಿದ್ದರೆ ಜನ ಸಾಯುತ್ತಿದ್ದರು. ನೇರವಾಗಿ ಮಾವನ ಬಳಿ ಹೋಗಿ, ಬಾಗಿಲು ಮೊದಲೇ ಸರಿಯಿತ್ತು, ತಪ್ಪಿದ್ದು ನಾನು ಎಂದುಬಿಟ್ಟೆ.

ಮಾವ ಬಾಗಿಲನ್ನು ನೋಡಿದರು, ಆಮೇಲೆ ಸೂರ್ಯನನ್ನು ನೋಡಿದರು.

"ಬೊಂಬಾಯಿ ಇಂಜಿನೇರು ಇಡ್ಸಿರೋ ಬಾಕ್ಲು ಯಂಗಪ್ಪಾ ತಪ್ಪಾಯ್ತದೆ? ತಡಿ, ನಾಕು ದಿನ ಓದ್ರೆ ಸೂರ್ಯನೇ ಸರಿಯಾಯ್ತಾನೆ."

ಮುಂದಿನ ತಿಂಗಳೇ ಮದುವೆಯಾಯಿತು. ಹಸುವೂ ಗಬ್ಬ ನಿಂತಿತು. ಆ ಕೀರ್ತಿಯೂ ನನಗೇ ಬಂತು. ಆ ಬಾಗಿಲನ್ನು ಮತ್ತೆ ಯಾರೂ ಮುಟ್ಟಲಿಲ್ಲ. ರಜೆಗೆ ಬಂದಾಗಲೆಲ್ಲ ಅದರ ಅಂಚಿಗೆ ನನ್ನ ಭುಜ ಬಡಿಯುತ್ತಿತ್ತು, ಒಳಗಿನಿಂದ ಹೆಂಡತಿಯ ದನಿ ಬರುತ್ತಿತ್ತು:

"ಬಾಕ್ಲು ಸರಿಯಾಗೈತೆ ಬಾವ. ನೀವೇ ಒಂಬತ್ತು ಡಿಗ್ರಿ ತಿರುಗ್ಕೊಂಡು ಬನ್ನಿ."